ಅಪ್‌ಡೇಟ್: ಚಿತ್ರಗಳು ಮರಳಿ ಬಂದಿವೆ, ತಪ್ಪು ಫೋಲ್ಡರ್‌ಗಳ ಅನುಮತಿಯಲ್ಲಿತ್ತು

ಹಿಂದೆ ಕೇಳಿದ್ದು ಇಷ್ಟು: ನಮ್ಮ ವರ್ಡ್‌ಪ್ರೆಸ್ ಜಾಲತಾಣದ ಹಳೆಯ ಚಿತ್ರಗಳೆಲ್ಲ ಕಾಣೆಯಾಗಿದ್ದವು. ಯಾವುದರ ಕೊಂಡಿ ಒತ್ತಿದರೂ ‘ಪ್ರವೇಶವಿಲ್ಲ’ ಎನ್ನುವ 403 ದೋಷ. ಎಲ್ಲದಕ್ಕೂ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಕೊಡಬಹುದೇ ಎಂದು ಕೇಳಿದ್ದೆ. ಬೇಡವೇ ಬೇಡ ಎಂದು ತಡೆದವರಿಗೆ ನಾನು ಋಣಿ.

ಕಾರಣ ಸಿಕ್ಕಿದೆ. ಸುರಕ್ಷತೆಗೆಂದು ಫೈಲ್‌ಜಿಲ್ಲಾದಲ್ಲಿ (ಸರ್ವರ್‌ನ ಕಡತಗಳನ್ನು ನಿರ್ವಹಿಸುವ ತಂತ್ರಾಂಶ) ಚಿತ್ರಗಳಿರುವ ಅಪ್‌ಲೋಡ್ಸ್ ಫೋಲ್ಡರ್ ಒಳಗಿನ ವರ್ಷವಾರು ಫೋಲ್ಡರ್‌ಗಳನ್ನು ಒಟ್ಟಿಗೆ ಆಯ್ದು 644 ಕೊಟ್ಟಿದ್ದೆ. ಕಡತಕ್ಕೆ ಅದು ಸರಿ, ಫೋಲ್ಡರ್‌ಗೆ ಅಲ್ಲ. ಮೂರು ಅಂಕಿಗಳು ಕ್ರಮವಾಗಿ ಒಡೆಯ, ಗುಂಪು, ಉಳಿದವರಿಗೆ; ಪ್ರತಿ ಅಂಕಿಯೂ ಓದಲು 4, ಬರೆಯಲು 2, ಚಲಾಯಿಸಲು 1 ಇವುಗಳ ಮೊತ್ತ; ಫೋಲ್ಡರ್ ವಿಷಯದಲ್ಲಿ ಆ 1 ಎಂದರೆ ಒಳಗೆ ಕಾಲಿಡುವ ಅನುಮತಿ. ಅದನ್ನೇ ಕಿತ್ತುಹಾಕಿದ್ದರಿಂದ ಚಿತ್ರಗಳು ಇದ್ದಲ್ಲೇ ಇದ್ದರೂ ಸರ್ವರ್‌ಗೆ ಬಾಗಿಲು ಮುಚ್ಚಿತ್ತು. ಅನುಮತಿಗಳ ಅಂಕಣದಲ್ಲಿ ಡಿಆರ್‌ಡಬ್ಲ್ಯು (ಫೋಲ್ಡರ್, ಓದು, ಬರೆ) ಎಂದ ಮೇಲೆ ಎಕ್ಸ್ (ಚಲಾಯಿಸು) ಇರಬೇಕಾದ ಕಡೆ ಬರೀ ಅಡ್ಡಗೆರೆ! ಎರಡು ದಿನ ಅದು ನನ್ನ ಕಣ್ಣಿಗೇ ಬೀಳಲಿಲ್ಲ.

ಮೊದಲು ಆ ಫೋಲ್ಡರ್‌ಗಳಿಗೆ 755 ಕೊಟ್ಟೆ. ಚಿತ್ರಗಳು ಆಗಲೇ ಕಂಡವು. ಆಮೇಲೆ ಅಪ್‌ಲೋಡ್ಸ್ ಮೇಲೆ ಬಲ ಗುಂಡಿ ಒತ್ತಿ ಫೈಲ್ ಪರ್ಮಿಷನ್ಸ್ ತೆರೆದು, ಒಳಫೋಲ್ಡರ್‌ಗಳಿಗೂ ಅನ್ವಯಿಸುವ ಆಯ್ಕೆಗೆ ಗುರುತು ಹಾಕಿದೆ. ಫೋಲ್ಡರ್‌ಗಳಿಗೆ ಮಾತ್ರ ಎಂದು 755, ಇನ್ನೊಂದು ಸಲ ಕಡತಗಳಿಗೆ ಮಾತ್ರ ಎಂದು 644. ಆ ಕಿಟಕಿಯ ಕೆಳಭಾಗದಲ್ಲಿರುವ ಈ ‘ಮಾತ್ರ’ ಆಯ್ಕೆಯನ್ನು ದಯವಿಟ್ಟು ಎರಡು ಸಲ ನೋಡಿಕೊಳ್ಳಿ.

ಡೇಟಾಬೇಸ್ ಗುಪ್ತಪದವಿರುವ ಡಬ್ಲ್ಯುಪಿ-ಕಾನ್ಫಿಗ್ ಕಡತವನ್ನು 600ಕ್ಕೆ, ಅಂದರೆ ಒಡೆಯ ಮಾತ್ರ ಓದಿ ಬರೆಯುವಂತೆ, ಇಳಿಸಿದೆ. ತಾಣ ಎಂದಿನಂತೆ ತೆರೆಯುತ್ತಿದೆ. ಸರ್ವರ್ ಬೇರೊಬ್ಬ ಬಳಕೆದಾರನ ಹೆಸರಿನಲ್ಲಿ ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರುವ ಭಾಷೆ) ಓಡಿಸುತ್ತಿದ್ದರೆ 600 ಸಾಲದು, 640 ಬೇಕಾಗಬಹುದು.