ನಿನ್ನೆಯವರೆಗೆ ಜೊತೆಗಾರರಾಗಿದ್ದವರಿಗೆ ಮುಖ್ಯಸ್ಥೆಯಾಗುವುದು ಹೇಗೆ?

ಪ್ರಶ್ನೆ (ಶಿರಸಿಯಿಂದ)

ಶಿರಸಿಯ ಅಡಿಕೆ ಮಾರಾಟ ಸಹಕಾರಿ ಸಂಘವೊಂದರಲ್ಲಿ 11 ವರ್ಷ ವಿಕ್ರಿ ವಿಭಾಗದ ಗುಮಾಸ್ತೆಯಾಗಿದ್ದ ನನಗೆ ಕಳೆದ ಜೂನ್‌ನಲ್ಲಿ ಅದೇ ವಿಭಾಗದ ಮುಖ್ಯಸ್ಥೆಯಾಗಿ ಬಡ್ತಿ ದೊರೆಯಿತು. ನನ್ನ ಕೈಕೆಳಗೆ ಈಗ ಐವರಿದ್ದಾರೆ. ಅವರಲ್ಲೊಬ್ಬರು ನನಗಿಂತ 15 ವರ್ಷ ಹಿರಿಯರು. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಎಂಬ ಅಡಿಕೆಯ ಬಗೆಗಳ ವ್ಯತ್ಯಾಸವನ್ನೂ, ಟೆಂಡರ್ ಆದಮೇಲೆ ದಲಾಲಿ, ಹಮಾಲಿ, ಮುಂಗಡಗಳನ್ನು ಮುರಿದು ವಿಕ್ರಿ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಬರೆಯುವುದನ್ನೂ ನನಗೆ ಕಲಿಸಿದವರೇ ಅವರು.

ಆಗಸ್ಟ್‌ನಲ್ಲಿ ಒಂದು ಸಂಜೆ ಅವರು ಬರೆದ ಪಟ್ಟಿಯಲ್ಲಿ ಮುಂಗಡದ ಮೊತ್ತ ತಪ್ಪಾಗಿತ್ತು. ಅಡಿಕೆ ತಂದಿದ್ದ ಸದಸ್ಯರು ಎದುರಿಗೆ ಕುಳಿತಿರುವಾಗಲೇ ನಾನು ಅದನ್ನು ತಿದ್ದಿದೆ. ಅವರು ಪೆನ್ನಿಗೆ ಟೊಪ್ಪಿ ಹಾಕಿ ಕಿಸೆಗೆ ಸಿಕ್ಕಿಸಿಕೊಂಡು, “ಮೇಡಂ ಹೇಳಿದ ಹಾಗೇ ಆಗಲಿ” ಎಂದರು. ಅಲ್ಲಿಯವರೆಗೆ ನನ್ನನ್ನು “ತಂಗಿ” ಎಂದೇ ಕರೆಯುತ್ತಿದ್ದವರು ಅವರು. ಮರುದಿನದಿಂದ ತಮ್ಮ ಪ್ರತಿಯೊಂದು ಪಟ್ಟಿಯನ್ನೂ ನನ್ನ ಸಹಿಗೆ ತಂದಿಡತೊಡಗಿದರು. ಉಳಿದ ನಾಲ್ವರೂ ಅದನ್ನೇ ಅನುಸರಿಸಿದರು. ಈಗ ರಾತ್ರಿ 8ರವರೆಗೆ ಕುಳಿತರೂ ಕಡತ ಮುಗಿಯುವುದಿಲ್ಲ. ಫೆಬ್ರುವರಿಯ ನಂತರ ಚಾಲಿಯ ಆವಕ ಏರಿದಾಗ ಏನು ಗತಿ? ಬಡ್ತಿಯನ್ನು ಬಿಟ್ಟುಕೊಡುವ ಯೋಚನೆಯೂ ಬಂದಿದೆ. ಅನುಭವಸ್ಥರು ದಾರಿ ತೋರಿಸಬೇಕು.

ಉತ್ತರ 1 (ಸಿದ್ದಾಪುರ, ನಿವೃತ್ತ ಸಹಕಾರಿ ವ್ಯವಸ್ಥಾಪಕ)

ತಂಗಿ, ಬಡ್ತಿ ಬಿಡುವ ಮಾತು ಸದ್ಯಕ್ಕೆ ಬೇಡ. ನೀವು ಈಗ ಮಾಡುತ್ತಿರುವುದು ಹಳೆಯ ಹುದ್ದೆಯ ಕೆಲಸವನ್ನೇ, ಐದು ಪಟ್ಟು ಹೆಚ್ಚಾಗಿ. ಪಟ್ಟಿ ತಿದ್ದುವುದರಲ್ಲಿ ನೀವು ನಿಪುಣರಾದ್ದರಿಂದ ಕೈ ತಾನಾಗಿಯೇ ಅತ್ತ ಹೋಗುತ್ತದೆ. ಕೈ ಕಟ್ಟಿಕೊಳ್ಳಿ. ತಪ್ಪು ಕಂಡರೆ ಬರೆದವರಿಗೇ ಹಿಂದಿರುಗಿಸಿ, ಅವರೇ ತಿದ್ದಲಿ. ಅದೂ ಸದಸ್ಯರು ಎದ್ದು ಹೋದ ಮೇಲೆ.

ಆ ಹಿರಿಯರ ಬಳಿ ಒಬ್ಬರೇ ಇದ್ದಾಗ ಕ್ಷಮೆ ಕೇಳಿ ಎಂದು ಬಹಳ ಮಂದಿ ಹೇಳುತ್ತಾರೆ. ಕೇಳಿ, ಆದರೆ ಅಷ್ಟರಿಂದಲೇ ಸರಿಹೋಗದು. ಅವರಿಗೆ ನೋವಾದದ್ದು ನಾಲ್ಕು ಜನರ ಎದುರು. ಮರ್ಯಾದೆ ಹಿಂದಿರುಗಬೇಕಾದದ್ದೂ ನಾಲ್ಕು ಜನರ ಎದುರಿಗೇ. ಹಂಗಾಮಿಗೆ ತೆಗೆದುಕೊಳ್ಳುವ ಹೊಸ ಹುಡುಗರನ್ನು ತಯಾರು ಮಾಡುವ ಹೊಣೆಯನ್ನು ಎಲ್ಲರೂ ಸೇರಿದ ಸಭೆಯಲ್ಲಿ, ಲಿಖಿತವಾಗಿ, ಅವರಿಗೆ ವಹಿಸಿ. ಆಮೇಲೆ ಆ ಹುಡುಗರಿಗೆ ನೀವು ಬೇರೆ ಪಾಠ ಹೇಳಲು ಹೋಗಬೇಡಿ.

ನೀವು ಬರೆಯದೆ ಬಿಟ್ಟ ಇನ್ನೊಂದು ಸಂಗತಿ ಇದ್ದೇ ಇರುತ್ತದೆ ಎಂದು ನನ್ನ ಊಹೆ. ಚುನಾಯಿತ ನಿರ್ದೇಶಕರು ಗುಮಾಸ್ತರಿಗೆ ನೇರವಾಗಿ ಫೋನ್ ಮಾಡಿ “ನಮ್ಮವರ ಪಟ್ಟಿ ಇವತ್ತೇ ಆಗಲಿ” ಎನ್ನುತ್ತಾರಲ್ಲವೇ? ಸಹಕಾರಿ ಸಂಘದಲ್ಲಿ ಗಿರಾಕಿಯೇ ಮಾಲೀಕನೂ ಆಗಿರುವುದರಿಂದ ಇದನ್ನು ಪೂರ್ತಿ ನಿಲ್ಲಿಸಲಾಗದು. ಆದರೆ ಆ ಫೋನು ನಿಮ್ಮ ಮೇಜಿಗೆ ಬರುವಂತೆ ಮಾಡಬಹುದು. ಮೇಲಿನ ಒತ್ತಡವನ್ನು ನೀವು ತಡೆಯುತ್ತೀರಿ ಎಂಬುದು ಕಂಡ ದಿನ ಆ ಐವರ ನಡೆ ಬದಲಾಗುತ್ತದೆ; ಅದಕ್ಕೆ ಮೊದಲು ಯಾವ ಮಾತೂ ನಾಟದು.

ಉತ್ತರ 2 (ಮೂಲ ಕುಮಟಾ, ಈಗ ಬೆಂಗಳೂರು, ಮಾನವ ಸಂಪನ್ಮೂಲ ವಿಭಾಗ)

ಈ ತೊಡಕು ನಿಮ್ಮ ಸಂಘವೊಂದರದ್ದೇ ಅಲ್ಲ. ಮಾಡುತ್ತಿರುವ ಕೆಲಸದಲ್ಲಿ ಗೆದ್ದವರನ್ನು ಮೇಲೇರಿಸುತ್ತಾ ಹೋದರೆ ಅವರು ಕೊನೆಗೆ ತಮಗೊಗ್ಗದ ಹುದ್ದೆಯಲ್ಲಿ ನಿಲ್ಲುತ್ತಾರೆ ಎಂದು ಕೆನಡಾದ ಶಿಕ್ಷಣತಜ್ಞ ಲಾರೆನ್ಸ್ ಪೀಟರ್ 1969ರಲ್ಲೇ ಅರ್ಧ ತಮಾಷೆಯಾಗಿ ಬರೆದಿದ್ದರು. ಅದು ತಮಾಷೆಯಲ್ಲ ಎಂಬುದು 2019ರಲ್ಲಿ ಪ್ರಕಟವಾದ, ಅಮೆರಿಕದ 131 ಕಂಪನಿಗಳ ಮಾರಾಟ ಸಿಬ್ಬಂದಿಯ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನದಲ್ಲಿ ಕಂಡಿತು: ಹೆಚ್ಚು ಮಾರಿದವರಿಗೇ ಬಡ್ತಿಯ ಸಂಭವ ಹೆಚ್ಚು, ಆದರೆ ಅಂಥವರ ಕೈಕೆಳಗಿನವರ ಮಾರಾಟ ಕುಗ್ಗಿತು, ಇತರರೊಡನೆ ಸೇರಿ ಮಾರಾಟ ಕುದುರಿಸಿದ ಅನುಭವವಿದ್ದವರು ತಂಡವನ್ನು ಹೆಚ್ಚು ಚೆನ್ನಾಗಿ ನಡೆಸಿದರು. ಬಡ್ತಿಯನ್ನು ಬಹುಮಾನವೆಂದು ಹಂಚುವ ಪದ್ಧತಿಯ ದೋಷವಿದು. ನಿಪುಣರಿಗೆ ನಿಪುಣರಾಗಿಯೇ ಉಳಿದು ಸಂಬಳದಲ್ಲಿ ಮೇಲೇರುವ ಬೇರೊಂದು ದಾರಿ ಇರಬೇಕಿತ್ತು. ನಿಮ್ಮ ಹಿರಿಯ ಸಹೋದ್ಯೋಗಿಗೆ ಅಂಥ ದಾರಿ ಇದ್ದಿದ್ದರೆ ಈ ಪ್ರಶ್ನೆಯೇ ಬಹುಶಃ ಹುಟ್ಟುತ್ತಿರಲಿಲ್ಲ.

ಬಡ್ತಿಯ ಆದೇಶವನ್ನು ಇನ್ನೊಮ್ಮೆ ಓದಿ. ಪರೀಕ್ಷಾವಧಿ ಎಷ್ಟು, ಹಳೆಯ ಹುದ್ದೆಗೆ ಮರಳುವ ಅವಕಾಶವಿದೆಯೇ, ಸಹಿಯ ಅಧಿಕಾರ ಎಲ್ಲಿಯವರೆಗೆ ಎಂಬುದೆಲ್ಲ ಬರಹದಲ್ಲಿರಬೇಕು. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಮೇಲ್ವಿಚಾರಣೆಯ ಹುದ್ದೆಯಲ್ಲಿದ್ದು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವವರು ‘ಕಾರ್ಮಿಕ’ ಎಂಬ ವ್ಯಾಖ್ಯೆಯಿಂದ ಹೊರಗುಳಿಯುತ್ತಾರೆ. 1947ರ ಹಳೆಯ ಕಾಯ್ದೆಯಲ್ಲಿ ಈ ಮಿತಿ 10,000 ಇತ್ತು. ಹುದ್ದೆಯ ಹೆಸರಿಗಿಂತ ನಿಜವಾಗಿ ಮಾಡುವ ಕೆಲಸವನ್ನೇ ನ್ಯಾಯಾಲಯಗಳು ನೋಡುತ್ತವೆ. ಬಡ್ತಿಯೊಂದಿಗೆ ಕೆಲವು ರಕ್ಷಣೆಗಳೂ ಕಳಚಬಹುದೆಂಬುದನ್ನು ನಮ್ಮಲ್ಲಿ ಯಾರೂ ಮುಂಚಿತವಾಗಿ ಹೇಳುವುದಿಲ್ಲ.

ಉತ್ತರ 3 (ಕಾರವಾರ)

ನಾನು ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಪಾಳಿಯಲ್ಲಿ ದುಡಿದು ನಿವೃತ್ತನಾದವನು. ಅಲ್ಲಿನ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ದಾಖಲೆ ಮಾಡಿತು. ಅಷ್ಟು ದಿನವೂ ಪಾಳಿ ಮುಗಿದ ಮುಖ್ಯಸ್ಥರು ದಿನಚರಿ ಬರೆದು, ಬಂದವರಿಗೆ ಮುಖತಃ ವಿವರಿಸಿ, ಮನೆಗೆ ಹೋಗಿದ್ದಾರೆ. ಯಾರೊಬ್ಬರೂ ರಾತ್ರಿ ಎಂಟಕ್ಕೆ ಇನ್ನೊಬ್ಬರ ಕೆಲಸ ಮತ್ತೆ ಮಾಡುತ್ತಾ ಕುಳಿತಿದ್ದರಿಂದ ಆದದ್ದಲ್ಲ ಅದು.

ಹಾಗೆಂದು ಸಿದ್ದಾಪುರದವರು ಹೇಳಿದಂತೆ ಪೂರ್ತಿ ಕೈ ಕಟ್ಟಿಕೊಳ್ಳುವುದನ್ನು ನಾನು ಒಪ್ಪಲಾರೆ. ಇಲ್ಲಿರುವುದು ಬೆಳೆಗಾರರ ವರ್ಷದ ದುಡ್ಡು. ಯಾವ ಮೊತ್ತದ ಮೇಲಿನ ಪಟ್ಟಿಗೆ ನಿಮ್ಮ ಸಹಿ ಬೇಕೆಂದು ಒಂದು ಗೆರೆ ಹಾಕಿ. ಅದರ ಕೆಳಗಿನವುಗಳಲ್ಲಿ ಹತ್ತಕ್ಕೊಂದನ್ನು ಮೊದಲೇ ಹೇಳದೆ ತೆಗೆದು ನೋಡಿ. ನೀವೇ ಬರೆದ ಪಟ್ಟಿಯೂ ಆ ಹತ್ತರಲ್ಲಿ ಸೇರಲಿ, ಅದನ್ನು ಹಿರಿಯರು ನೋಡಲಿ.

ಪ್ರಶ್ನೆ ಕೇಳಿದವರಿಂದ (ಮೂರು ವಾರಗಳ ನಂತರ)

ಎಲ್ಲರಿಗೂ ಕೃತಜ್ಞತೆಗಳು. ಗೆರೆಯನ್ನು ಒಂದು ಲಕ್ಷ ರೂಪಾಯಿಗೆ ಹಾಕಿದೆವು. ಮೊತ್ತವನ್ನು ಸೂಚಿಸಿದವರು ಹಿರಿಯರೇ. ನಾನು 50,000 ಎಂದಿದ್ದೆ, “ಅಷ್ಟಾದರೆ ಮತ್ತೆ ಎಲ್ಲವೂ ನಿಮ್ಮ ಮೇಜಿಗೇ ಬಂತು” ಎಂದು ನಕ್ಕರು. ಹೊಸಬರ ತರಬೇತಿಯನ್ನು ಒಪ್ಪಿಕೊಂಡಿದ್ದಾರೆ. “ಮೇಡಂ” ಮಾತ್ರ ಹಾಗೆಯೇ ಉಳಿದಿದೆ. ಸಹಿಗೆ ಬರುವ ಕಡತ ಮೂರನೆಯ ಒಂದು ಭಾಗಕ್ಕೆ ಇಳಿದಿದೆ, 6ಕ್ಕೆ ಹೊರಡುತ್ತಿದ್ದೇನೆ.

ಆದೇಶವನ್ನು ಓದಿದಾಗ ಪರೀಕ್ಷಾವಧಿಯ ಪ್ರಸ್ತಾಪವೇ ಇಲ್ಲವೆಂದು ತಿಳಿಯಿತು, ಲಿಖಿತವಾಗಿ ಕೇಳಿದ್ದೇನೆ. ನಿರ್ದೇಶಕರ ಫೋನಿನ ಊಹೆ ಪೂರ್ತಿ ನಿಜ. ಅದನ್ನು ಬರೆಯಲು ಅಂಜಿದ್ದೆ. ಅದರ ಬಗ್ಗೆ ಸೋಮವಾರ ಮುಖ್ಯ ಕಾರ್ಯನಿರ್ವಾಹಕರ ಹತ್ತಿರ ಮಾತನಾಡಲಿದ್ದೇನೆ, ಹಿರಿಯರನ್ನೂ ಜೊತೆಗೆ ಕರೆದುಕೊಂಡು.