ಪುಟ್ಟನ ಗೋವಾ ರೇಸಿನ ವಿಷಯ, ಎಲ್ಲರೂ ಪೂರ್ತಿ ಕೇಳಿ

ನೋಡಮ್ಮಾ, ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ಹೂವು ಕಟ್ಟುತ್ತಾ ಕೂತಿದ್ದೆ, ಕೈ ಬಿಡುವಿರಲಿಲ್ಲ. "ಅಕ್ಕಾ, ಪುಟ್ಟ ಗೋವಾ ಹಾಫ್ ಐರನ್‌ಮ್ಯಾನ್‌ಗೆ ದುಡ್ಡು ಕಟ್ಟಿಬಿಟ್ಟಿದ್ದಾನೆ, ಸಮುದ್ರದಲ್ಲಿ ಎರಡು ಕಿಲೋಮೀಟರ್ ಈಜಬೇಕಂತೆ, ರಾತ್ರಿ ನಿದ್ದೆ ಬರುತ್ತಿಲ್ಲ, ಅವನಿಗೆ ಏನು ಹೇಳಲಿ" ಅಂತ ಕೇಳಿದ್ದೀಯ. ಇಷ್ಟೆಲ್ಲ ಟೈಪ್ ಮಾಡಲು ನನ್ನ ಕೈಲಿ ಆಗುವುದಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ. ಅರ್ಧಕ್ಕೆ ನಿಲ್ಲಿಸಬೇಡ. ಪುಟ್ಟನಿಗೂ ಕೇಳಿಸು.

ಮೊದಲನೆಯದಾಗಿ, ಬೇಡ ಅನ್ನಬೇಡ ಅವನಿಗೆ. 2019ರಲ್ಲಿ ಗೋವಾದ ಮಿರಾಮಾರ್ ಬೀಚಿನಲ್ಲಿ ಇದು ಮೊದಲ ಸಲ ನಡೆದಾಗಿನಿಂದ ಅವನಿಗೆ ಆಸೆ ಇತ್ತು. ನನ್ನ ಹತ್ತಿರ ಹೇಳಿದ್ದ. 2024ರಲ್ಲಿ ತೇಜಸ್ವಿ ಸೂರ್ಯ 8 ಗಂಟೆ 27 ನಿಮಿಷದಲ್ಲಿ ಮುಗಿಸಿದ ಮೇಲಂತೂ ಬೆಂಗಳೂರಿನ ಹುಡುಗರ ಬಾಯಲ್ಲೆಲ್ಲ ಅದೇ ಮಾತು. 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21 ಕಿಲೋಮೀಟರ್ ಓಟ. ಎಂಟೂವರೆ ಗಂಟೆ ಗಡುವು. ನಮ್ಮ ಪುಟ್ಟ ಭಾನುವಾರ ಭಾನುವಾರ ನಂದಿ ಬೆಟ್ಟ ಹತ್ತಿ ಬರುವವನು, ಅವನಿಗೆ ಆಗುತ್ತದೆ. ಕಾಲಿನ ಬಗ್ಗೆ ನನಗೆ ಚಿಂತೆ ಇಲ್ಲ. ನನ್ನ ಚಿಂತೆ ಬೇರೆ. ಬಾಯಾರಿಕೆ ಇಲ್ಲದೆ ನೀರು ಕುಡಿಯಬೇಡ ಅಂತ ಅವನಿಗೆ ಹೇಳು. ನೀರು ಕುಡಿ, ನೀರು ಕುಡಿ ಅಂತ ಎಲ್ಲರೂ ಹೇಳುತ್ತಾರೆ. ನೀನೂ ಹೇಳುತ್ತೀಯ, ತಾಯಿ ಅಲ್ವಾ. ಆದರೆ ನೀನು ಹೆದರುತ್ತಿರುವುದು ಸಮುದ್ರದ ನೀರಿಗೆ. ನನ್ನನ್ನು ಕೆಡವಿದ್ದು ಬಾಟಲಿ ನೀರು.

2017ರ ನವೆಂಬರಿನಲ್ಲಿ ನಾನು ಮಲೇಷ್ಯಾದ ಲಂಗ್ಕಾವಿಗೆ ಹೋಗಿದ್ದು ನಿಮಗೆಲ್ಲ ಗೊತ್ತೇ ಇದೆ. ನನಗಾಗ 51. ನನ್ನದು ಪೂರ್ತಿ ಐರನ್‌ಮ್ಯಾನ್, ಪುಟ್ಟನದರ ಎರಡರಷ್ಟು. 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಆಮೇಲೆ 42.2 ಕಿಲೋಮೀಟರ್ ಮ್ಯಾರಥಾನ್, ಎಲ್ಲ ಸೇರಿ 17 ಗಂಟೆಯೊಳಗೆ. ಹೋಗುವ ಮುಂಚೆ ಎಷ್ಟು ಜನ ಹೇಳಿದ್ದರು ಗೊತ್ತಾ, ಅಲ್ಲಿ ಸೆಕೆ ಜಾಸ್ತಿ, ಮೈ ಒಣಗಿಹೋಗುತ್ತದೆ, ನೀರು ಬಿಡಬೇಡ ಅಂತ. ಸೈಕಲ್ ಕಲಿಸಿದವರು ಹೇಳಿದರು, ಜಿಮ್ಮಿನ ಹುಡುಗ ಹೇಳಿದ, ನಮ್ಮ ಮನೆಯವರು ಹದಿನೈದು ದಿನ ಅದನ್ನೇ ಹೇಳಿದರು. ನಾನು ತಲೆಯಲ್ಲಿ ಅದನ್ನೇ ತುಂಬಿಕೊಂಡು ಹೋದೆ.

ಈಜು ಒಂದು ಗಂಟೆ 52 ನಿಮಿಷದಲ್ಲಿ ಮುಗಿಯಿತು. ಚೆನ್ನಾಗಿಯೇ ಆಯಿತು. ಸೈಕಲ್ ಹತ್ತಿ ಎರಡು ಗಂಟೆಗೆ ಮಳೆ ಶುರುವಾಯಿತು. ನಮ್ಮ ಮಲೆನಾಡಿನ ಮಳೆಯ ಹಾಗೆ, ಬಿಟ್ಟೂ ಬಿಟ್ಟೂ. ಮೈ ತಣ್ಣಗಾಯಿತು. ಬೆವರು ಕಡಿಮೆ. ಅಲ್ಲಿಗಾದರೂ ನಾನು ಯೋಚನೆ ಮಾಡಬೇಕಿತ್ತು. ಮಾಡಲಿಲ್ಲ. ನೀರು ಕೊಡುವ ಜಾಗ ಬಂದಾಗಲೆಲ್ಲ ಒಂದು ಬಾಟಲಿ ಇಸಿದುಕೊಂಡೆ, ಮುಂದಿನ ಜಾಗ ಬರುವುದರೊಳಗೆ ಖಾಲಿ ಮಾಡಿದೆ. ಬರೀ ನೀರು. ಎಂಟು ಗಂಟೆ ಸೈಕಲ್ ಮೇಲೆ ಹಾಗೇ ಕುಡಿದೆ. ಮಧ್ಯೆ ಮಂಡಿ ನೋಯುತ್ತಿದೆ ಅಂತ ಒಂದು ನೋವಿನ ಮಾತ್ರೆಯನ್ನೂ ನುಂಗಿದೆ. ಅದು ಇನ್ನೊಂದು ತಪ್ಪು. ಆ ಥರದ ಮಾತ್ರೆ ತೆಗೆದುಕೊಂಡರೆ ಕಿಡ್ನಿ ನೀರು ಹೊರಗೆ ಹಾಕುವುದು ಕಡಿಮೆ ಆಗುತ್ತದಂತೆ. ನನಗೆ ಯಾರೂ ಹೇಳಿರಲಿಲ್ಲ.

ಓಟ ಶುರುವಾದಾಗ ಸಂಜೆ ಐದೂಮುಕ್ಕಾಲು. ಹೊಟ್ಟೆಯೊಳಗೆ ಕೊಡ ಅಲ್ಲಾಡಿಸಿದ ಹಾಗೆ ಸದ್ದು. ಅಲ್ಲೂ ಎರಡೆರಡು ಕಿಲೋಮೀಟರಿಗೆ ನೀರಿನ ಟೇಬಲ್ಲು, ಪ್ರತಿ ಟೇಬಲ್ಲಿನಲ್ಲೂ ಎರಡು ಲೋಟ. ಹದಿನೈದು ಕಿಲೋಮೀಟರ್ ಆಗುವಷ್ಟರಲ್ಲಿ ಬೆರಳಿನ ಉಂಗುರ ಬಿಗಿಯಾಗಿತ್ತು. ಇಪ್ಪತ್ತಕ್ಕೆ ಉಂಗುರ ಮಾಂಸದೊಳಗೆ ಕೂತುಬಿಟ್ಟಿತ್ತು. ವಾಚಿನ ಪಟ್ಟಿಯನ್ನು ಕೊನೆಯ ತೂತಿಗೆ ಹಾಕಿದರೂ ಕೈ ಕೊರೆಯುತ್ತಿತ್ತು. ತಲೆನೋವು ಸಿಡಿದುಹೋಗುವಷ್ಟು. ಒಂದು ಮರದ ಹತ್ತಿರ ನಿಂತು ವಾಂತಿ ಮಾಡಿದೆ, ಬರೀ ತಿಳಿನೀರು. ಆಗ ನನ್ನ ತಲೆಗೆ ಹೊಳೆದದ್ದು ಏನು ಗೊತ್ತಾ? ಅಯ್ಯೋ, ನೀರೆಲ್ಲ ಹೋಯಿತು, ಇನ್ನೂ ಕುಡಿಯಬೇಕು ಅಂತ. ಕುಡಿದೆ.

ಅಲ್ಲಿಂದ ಮುಂದೆ ನನಗೆ ತುಂಡು ತುಂಡಾಗಿ ನೆನಪಿದೆ. ಬಂದ ದಾರಿಯಲ್ಲೇ ವಾಪಸ್ಸು ಹೊರಟಿದ್ದೆನಂತೆ. ಒಬ್ಬಳು ಮಲೇಷ್ಯಾದ ಹುಡುಗಿ, ಸಹಾಯಕ್ಕೆ ನಿಂತವಳು, ಬಂದು ಭುಜ ಹಿಡಿದು ನಿನ್ನ ಹೆಸರೇನು ಅಂತ ಇಂಗ್ಲಿಷಿನಲ್ಲಿ ಕೇಳಿದಳು. ನಾನು ಕನ್ನಡದಲ್ಲಿ, "ಅಮ್ಮ ಒಳಗಿದ್ದಾರೆ, ಕರೀತೀನಿ ಇರಿ" ಅಂದೆನಂತೆ. ನಮ್ಮ ಮನೆಯವರು ಅಷ್ಟು ಹೊತ್ತಿಗೆ ಅಲ್ಲಿಗೆ ಬಂದಿದ್ದರು, ಅವರು ಕೇಳಿಸಿಕೊಂಡರು. ಅಮ್ಮ ತೀರಿಹೋಗಿ ಅಷ್ಟು ಹೊತ್ತಿಗೆ ಆರು ವರ್ಷ. ನಾನು ಅಗ್ರಹಾರದ ಮನೆಯ ಬಾಗಿಲಲ್ಲಿ ನಿಂತಿದ್ದೇನೆ ಅಂದುಕೊಂಡಿದ್ದೆ. ಇವರು ಗಾಬರಿಯಲ್ಲಿ ಬಾಟಲಿ ತೆಗೆದು ನನ್ನ ಬಾಯಿಗೆ ಹಿಡಿಯಲು ಬಂದರೆ ಆ ಹುಡುಗಿ ಅವರ ಕೈ ತಳ್ಳಿದಳು. ಪುಣ್ಯಾತ್ಗಿತ್ತಿ. ಅವಳ ಹೆಸರು ಕೇಳಿಕೊಳ್ಳಲಿಲ್ಲ ಅಂತ ಇವತ್ತಿಗೂ ಕೊರಗಿದೆ.

ಡಾಕ್ಟರ ಟೆಂಟಿನಲ್ಲಿ ಒಂದು ಹನಿ ರಕ್ತ ತೆಗೆದು ಅಲ್ಲೇ ಮಶೀನಿಗೆ ಹಾಕಿ ನೋಡಿದರು. ಸೋಡಿಯಂ, ಅಂದರೆ ರಕ್ತದ ಉಪ್ಪು, 122. ಇರಬೇಕಾದದ್ದು 135ರಿಂದ 145. ಅವರು ನನಗೆ ಒಂದು ತೊಟ್ಟು ನೀರು ಕೊಡಲಿಲ್ಲ. ಗಟ್ಟಿ ಉಪ್ಪುನೀರಿನ ಡ್ರಿಪ್, ಅದೂ ಬರೀ 100 ಎಂಎಲ್, ಆಮೇಲೆ ಇನ್ನೊಂದು ಅಷ್ಟೇ. ರಾತ್ರಿ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಬೆಳಿಗ್ಗೆ ಡಾಕ್ಟರು ಮಂಚದ ಪಕ್ಕ ಕೂತು ಬಿಡಿಸಿ ಹೇಳಿದರು. ಬೆವರಿನಲ್ಲಿ ಉಪ್ಪು ಹೋಗಿರುತ್ತದೆ, ಮೇಲಿಂದ ನೀರು ಸುರಿದರೆ ರಕ್ತದ ಉಪ್ಪು ತೆಳ್ಳಗಾಗುತ್ತದೆ. ಆಗ ನೀರು ಮೈಯ ಕಣಕಣದೊಳಗೂ ನುಗ್ಗುತ್ತದೆ. ಕೈ ಊದಿದರೆ ಪರವಾಗಿಲ್ಲ, ಮಿದುಳು ಊದಿದರೆ ತಲೆಬುರುಡೆಯೊಳಗೆ ಜಾಗ ಇಲ್ಲ. ಇನ್ನೊಂದು ಅರ್ಧ ಗಂಟೆ ಕುಡಿಯುತ್ತಾ ನಡೆದಿದ್ದರೆ ಫಿಟ್ಸ್ ಬರುತ್ತಿತ್ತು ಅಂದರು. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ 28 ವರ್ಷದ ಹೆಣ್ಣುಮಗಳೊಬ್ಬಳು ಹೀಗೇ ತೀರಿಕೊಂಡಳು. ಅದೇ ಓಟದಲ್ಲಿ 488 ಜನರ ರಕ್ತ ಪರೀಕ್ಷೆ ಮಾಡಿದರೆ ನೂರಕ್ಕೆ 13 ಜನರಲ್ಲಿ ಸೋಡಿಯಂ ಇಳಿದಿತ್ತು. ಓಟ ಮುಗಿಸುವಷ್ಟರಲ್ಲಿ ತೂಕ ಏರಿಸಿಕೊಂಡವರಲ್ಲೇ ಇದು ಜಾಸ್ತಿ. ಯೋಚನೆ ಮಾಡು, 42 ಕಿಲೋಮೀಟರ್ ಓಡಿ ತೂಕ ಜಾಸ್ತಿ ಆಗಿದೆ ಅಂದರೆ ಎಷ್ಟು ಕುಡಿದಿರಬೇಕು.

ಅದಕ್ಕೇ ಮತ್ತೆ ಹೇಳುತ್ತಿದ್ದೇನೆ. ಬಾಯಾರಿಕೆ ಆದಾಗ ಕುಡಿ, ಇಲ್ಲದಿದ್ದರೆ ಕುಡಿಯಬೇಡ ಅಂತ ಹೇಳು ಪುಟ್ಟನಿಗೆ. ಓಆರ್‌ಎಸ್ ಹಾಕಿಕೊಂಡಿದ್ದೇನೆ, ಉಪ್ಪಿನ ಮಾತ್ರೆ ಇದೆ ಅಂತ ಧೈರ್ಯ ಬೇಡ. ಉಪ್ಪು ಬೆರೆಸಿದ ನೀರಾದರೂ ಹೊಟ್ಟೆ ಬಿರಿಯ ಕುಡಿದರೆ ಅದೇ ಗತಿ, ಯಾಕೆಂದರೆ ಆ ನೀರಿನ ಉಪ್ಪು ರಕ್ತದ ಉಪ್ಪಿಗಿಂತ ಎಷ್ಟೋ ತೆಳು. ನೋವಿನ ಮಾತ್ರೆ ಅಂತೂ ರೇಸಿನ ದಿನ ಮುಟ್ಟಕೂಡದು. ಉಂಗುರ ಬಿಗಿಯಾಯಿತು, ತಲೆನೋವು ಬಂತು, ವಾಕರಿಕೆ ಬಂತು ಅಂದರೆ ಕುಡಿಯುವುದು ನಿಲ್ಲಿಸಿ ಡಾಕ್ಟರ ಟೆಂಟು ಹುಡುಕಬೇಕು.

31 ಕಿಲೋಮೀಟರಿಗೆ ನನ್ನ ಓಟ ನಿಂತಿತು. ಹನ್ನೊಂದು ಬಾಕಿ. ಊರಿಗೆ ಬಂದ ಮೇಲೆ ಆದದ್ದನ್ನು ಇವತ್ತು ಹೇಳಿಯೇಬಿಡುತ್ತೇನೆ, ಎಂಟು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ. ಏರ್‌ಪೋರ್ಟಿನಿಂದ ಬಂದ ನಾಲ್ಕನೇ ದಿನ ಒಂದು ಗೃಹಪ್ರವೇಶ. ಯಾರದ್ದು ಅಂತ ಹೇಳುವುದಿಲ್ಲ, ಈ ಗುಂಪಿನಲ್ಲೇ ಇದ್ದಾರೆ. ಊಟದ ಸಾಲಿನಲ್ಲಿ ಕೂತಿದ್ದೆ. ಹೇಗಿದ್ದೀಯ ಅಂತ ಒಬ್ಬರೂ ಕೇಳಲಿಲ್ಲ. ಎಷ್ಟು ಖರ್ಚಾಯಿತು ಅಂತ ಕೇಳಿದರು. ಈ ವಯಸ್ಸಿಗೆ ಬೇಕಿತ್ತಾ ಅಂದರು. ಕಾಲುಂಗುರ ತೆಗೆದು ಓಡಿದಳಂತೆ, ಅದಕ್ಕೇ ಹೀಗಾಯಿತು ಅಂತ ಬಡಿಸುವವರ ಹತ್ತಿರ ಹೇಳಿದ್ದು ನನ್ನ ಕಿವಿಗೇ ಬಿತ್ತು. ನನ್ನ ಎಲೆಯ ಮೇಲೆ ಹೋಳಿಗೆ ಹಾಗೇ ಉಳಿಯಿತು. ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಅತ್ತೆಯವರಿಗೆ ಗಂಜಿ ಮಾಡಿಟ್ಟು, ಕತ್ತಲೆಯಲ್ಲಿ ಚಾಮುಂಡಿ ಬೆಟ್ಟ ಹತ್ತಿ ಇಳಿದು, ಒಂಬತ್ತೂವರೆಗೆ ಬ್ಯಾಂಕಿನ ಕೌಂಟರಿನಲ್ಲಿ ಕೂರುತ್ತಿದ್ದೆ. ಎರಡು ವರ್ಷ ಹಾಗೆ ಮಾಡಿದ್ದೆ. ಅದನ್ನು ಯಾರೂ ನೋಡಿರಲಿಲ್ಲ.

2018ರಲ್ಲಿ ನಾನು ಅದೇ ಲಂಗ್ಕಾವಿಗೆ ಮತ್ತೆ ಹೋದೆ. ಹೇಳದೆ ಹೋದೆ. ಬಾಯಾರಿದಾಗ ಮಾತ್ರ ಕುಡಿದೆ, ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ, ಕಡಲೆಕಾಯಿ ಚಿಕ್ಕಿ ಜೇಬಿನಲ್ಲಿಟ್ಟುಕೊಂಡು ತಿಂದೆ. 16 ಗಂಟೆ 21 ನಿಮಿಷಕ್ಕೆ ಮುಗಿಸಿದೆ. ಫೋಟೋ ಈ ಗುಂಪಿಗೇ ಹಾಕಿದ್ದೆ. ಮೂರು ಜನ ಕೈಮುಗಿಯುವ ಚಿತ್ರ ಹಾಕಿದರು, ಅಷ್ಟರಲ್ಲಿ ಯಾರೋ ಏಕಾದಶಿಯ ವಿಷಯ ಹಾಕಿದರು, ಮುಗಿಯಿತು. ಪುಟ್ಟ ಬರೀ ಹೆಸರು ಕೊಟ್ಟಿದ್ದಕ್ಕೆ ಮೊನ್ನೆ ಎಲ್ಲರೂ ಹೂಮಾಲೆ, ಶಂಖ, ಜೈ ಅಂತ ತುಂಬಿಸಿದ್ದೀರಿ. ಅವನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಅವನು ನನ್ನ ಮಗನ ಹಾಗೆ. ಆ ಮೂರು ಜನರಲ್ಲಿ ಒಬ್ಬ ಅವನೇ. ರಾತ್ರಿ ಫೋನ್ ಮಾಡಿ, "ಅತ್ತೆ, ಕೊನೇ ಒಂದು ಕಿಲೋಮೀಟರ್ ಹೇಗಿತ್ತು ಹೇಳಿ" ಅಂತ ಕೇಳಿದ್ದೂ ಅವನೊಬ್ಬನೇ. ನನಗೆ ನೋವಾಗಿತ್ತು, ಅದನ್ನು ಹೇಳಿದೆ ಅಷ್ಟೇ.

ಅಯ್ಯೋ, ನೀನು ಕೇಳಿದ್ದು ಸಮುದ್ರದ ವಿಷಯ ಅಲ್ವಾ! ಅದನ್ನೇ ಬಿಟ್ಟೆ.

ಸುಮ್ನೆ ಭಯ ಬೇಡ ಅನ್ನುವುದಿಲ್ಲ, ನಿನ್ನ ಭಯಕ್ಕೆ ಕಾರಣ ಇದೆ. ಅಮೆರಿಕದಲ್ಲಿ 1985ರಿಂದ 2016ರವರೆಗಿನ ಟ್ರಯಥ್ಲಾನ್‌ಗಳ, ಅಂದರೆ ಹೀಗೆ ಈಜು, ಸೈಕಲ್, ಓಟ ಮೂರೂ ಇರುವ ರೇಸುಗಳ ಲೆಕ್ಕ ತೆಗೆದು ನೋಡಿದ್ದಾರೆ. ಸಾವು, ಹೃದಯ ನಿಂತದ್ದು ಎಲ್ಲ ಸೇರಿ ಲಕ್ಷಕ್ಕೆ ಎರಡಕ್ಕಿಂತ ಕಡಿಮೆ. ಆದರೆ ಅದರಲ್ಲಿ ಹೆಚ್ಚಿನದೆಲ್ಲ ಈಜಿನಲ್ಲೇ ಆದದ್ದು, ಗಂಡಸರಿಗೇ ಜಾಸ್ತಿ. ಪುಟ್ಟನಿಗೆ 29 ನಿಜ, ಆದರೆ ದೊಡ್ಡಣ್ಣನ ಎದೆಯ ವಿಷಯ ನಮಗೆಲ್ಲ ಗೊತ್ತಿದೆ. ಆದ್ದರಿಂದ ಈ ವಾರವೇ ಹೃದಯದ ಡಾಕ್ಟರ ಹತ್ತಿರ ಕಳಿಸು. ಇಸಿಜಿ, ಎಕೋ ಮಾಡಿಸಲಿ. ಮನೆತನದಲ್ಲಿ ಹೀಗಿದೆ ಅಂತ ಅವನು ಬಾಯಿಬಿಟ್ಟು ಹೇಳಬೇಕು, ಮುಚ್ಚಿಡಬಾರದು.

ಎರಡನೆಯದು, ಅವನು ಈಜುವುದು ಅಪಾರ್ಟ್‌ಮೆಂಟಿನ ಕೊಳದಲ್ಲಿ. ಇಪ್ಪತ್ತು ಮೀಟರಿಗೆ ಒಂದು ಗೋಡೆ ಸಿಗುತ್ತದೆ, ಕೆಳಗೆ ನೋಡಿದರೆ ನೀಲಿ ಗೆರೆ ಕಾಣುತ್ತದೆ. ಸಮುದ್ರದಲ್ಲಿ ಎರಡೂ ಇಲ್ಲ. ಗೋವಾದಲ್ಲಿ ನೀರು ಬೆಚ್ಚಗಿರುವುದರಿಂದ ತೇಲಿಸುವ ರಬ್ಬರಿನ ಉಡುಪು, ವೆಟ್‌ಸೂಟ್ ಅಂತಾರಲ್ಲ, ಅದನ್ನು ಹಾಕಲೂ ಬಿಡುವುದಿಲ್ಲ. ಹಾಗಾಗಿ ರೇಸಿಗೆ ಮುಂಚೆ ಕಡಿಮೆ ಅಂದರೂ ನಾಲ್ಕೈದು ಸಲ ಸಮುದ್ರದಲ್ಲಿ ಈಜಿರಬೇಕು. ಕಲಿಸುವವರ ಜೊತೆ, ಸೊಂಟಕ್ಕೆ ಬಣ್ಣದ ತೇಲುಬುರುಡೆ ಕಟ್ಟಿಕೊಂಡು. ಕೆರೆಗೆ ಒಬ್ಬನೇ ಇಳಿಯಬಾರದು, ಆಣೆ ಹಾಕಿಸಿಕೋ. ಎಂಟು ಹತ್ತು ಸಲ ಕೈ ಬೀಸಿದ ಮೇಲೆ ಒಂದು ಸಲ ತಲೆ ಎತ್ತಿ, ರೇಸಿನವರು ದಾರಿ ತೋರಿಸಲು ನೀರಿನಲ್ಲಿ ಬಿಟ್ಟಿರುವ ತೇಲುಬುರುಡೆ ಎಲ್ಲಿದೆ ಅಂತ ನೋಡುವುದನ್ನು ಅಭ್ಯಾಸ ಮಾಡಲಿ. ರೇಸಿನ ದಿನ ಎಲ್ಲರೂ ಮುನ್ನುಗ್ಗುತ್ತಾರೆ, ಅವನು ಅಂಚಿನಲ್ಲಿ, ಹಿಂದೆ ನಿಲ್ಲಲಿ. ಮೊದಲ 200 ಮೀಟರ್ ನಿಧಾನ. ಈಜಿಗೇ ಒಂದು ಗಂಟೆ ಹತ್ತು ನಿಮಿಷ ಇದೆ, ಸಾಕಾಗುತ್ತದೆ.

ಎದೆ ಹಿಡಿದ ಹಾಗೆ ಆದರೆ, ಉಸಿರು ಸಿಗದೆ ಹೋದರೆ ಅಂಗಾತ ತಿರುಗಿ ತೇಲುತ್ತಾ ಕೈ ಎತ್ತಬೇಕು. ಸಣ್ಣ ದೋಣಿಯವರು ಬರುತ್ತಾರೆ. ದೋಣಿ ಹಿಡಿದುಕೊಂಡು ಸುಧಾರಿಸಿಕೊಳ್ಳಬಹುದು. ಅದು ಮುಂದಕ್ಕೆ ಎಳೆದುಕೊಂಡು ಹೋಗದಿದ್ದರೆ ಆಯಿತು, ರೇಸಿನಿಂದ ತೆಗೆಯುವುದಿಲ್ಲ. ಇದು ತುಂಬಾ ಹುಡುಗರಿಗೆ ಗೊತ್ತಿಲ್ಲ. ದೋಣಿ ಮುಟ್ಟಿದರೆ ಮುಗಿಯಿತು ಅಂದುಕೊಂಡು ಒದ್ದಾಡುತ್ತಾರೆ.

ಇನ್ನು ತೂಕದ ವಿಷಯ. ಮೂರು ಗಂಟೆ ಸೈಕಲ್ ಹೊಡೆಯುವ ಭಾನುವಾರ, ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ತೂಕ ನೋಡಿ ಬರೆದಿಡಲಿ. ಒಂದು ಕೆಜಿ ಇಳಿದಿದ್ದರೆ ಸರಿ ಇದೆ. ಏರಿದ್ದರೆ ಜಾಸ್ತಿ ಕುಡಿದಿದ್ದಾನೆ. ನಾಲ್ಕು ಭಾನುವಾರದ ಲೆಕ್ಕ ನನಗೆ ಕಳಿಸಲಿ. ನಿಮ್ಮನೆ ತೂಕದ ಮಶೀನು ಹೋಗಿದೆ ಅಂತ ಯುಗಾದಿಗೆ ಬಂದಾಗ ನೋಡಿದ್ದೆ, ನಮ್ಮದನ್ನು ಶನಿವಾರ ನಮ್ಮ ಮನೆಯವರ ಕೈಲಿ ಕೊಟ್ಟು ಕಳಿಸುತ್ತೇನೆ. ಗೋವಾಕ್ಕೆ ನಾನೂ ಬರುತ್ತೇನೆ, ರೈಲಿನಲ್ಲಿ ಕೆಳಗಿನ ಬರ್ತ್ ನೋಡು. ಇವತ್ತು ರಾತ್ರಿ ಒಂಬತ್ತರ ಮೇಲೆ ಪುಟ್ಟನಿಂದ ಫೋನ್ ಮಾಡಿಸು.