ಸಹಾಯ ಬೇಕು: ಅಮ್ಮನ ಕ್ರಿಯಾಟಿನಿನ್ ಏರುತ್ತಿದೆ, ಊಟದ ಬಗ್ಗೆ ಸಲಹೆ ಕೊಡಿ

ನಮಸ್ಕಾರ. ನಾವು ಬದಿಯಡ್ಕದ ಹತ್ತಿರದವರು. ಸಕ್ಕರೆ ಕಾಯಿಲೆಯಿಂದ ಅಮ್ಮನ ಕಿಡ್ನಿಗೆ ಪೆಟ್ಟು ಬಿದ್ದಿದೆ. ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 1.9 ಇದ್ದದ್ದು ಈಗ 2.6. ಡಯಾಲಿಸಿಸ್ ಸದ್ಯ ಬೇಡ ಎಂದಿದ್ದಾರೆ ಮಂಗಳೂರಿನ ಡಾಕ್ಟರು. ಪೊಟ್ಯಾಸಿಯಂ ಜಾಸ್ತಿ ಇರುವುದರಿಂದ ಎಳನೀರು, ಬಾಳೆಹಣ್ಣು ನಿಲ್ಲಿಸಿದ್ದೇವೆ. ಗಂಟುನೋವಿನ ಮಾತ್ರೆಯೂ ಬಂದ್. ಬೀಂಬುಳಿ (ಬಿಲಿಂಬಿ), ದಾರೆಹುಳಿ (ಸ್ಟಾರ್ ಫ್ರೂಟ್) ಅಂತೂ ಮುಟ್ಟುವುದೇ ಇಲ್ಲ, ಅವುಗಳಲ್ಲಿರುವ ಆಕ್ಸಲೇಟ್ ಎಂಬ ಅಂಶ ಕಿಡ್ನಿಗೆ ಅಪಾಯ.

ಕಷ್ಟ ಇರುವುದು ಉಪ್ಪಿನಲ್ಲಿ. ಮಿಡಿ ಉಪ್ಪಿನಕಾಯಿ ಇಲ್ಲದೆ ಅಮ್ಮನಿಗೆ ಗಂಜಿ ಇಳಿಯುವುದಿಲ್ಲ. ಬಟ್ಟಲು ಮುಂದಿಟ್ಟುಕೊಂಡು ಸುಮ್ನೆ ಕೂತುಬಿಡುತ್ತಾರೆ, ನೋಡಲಾಗುವುದಿಲ್ಲ. ಅಂಗಡಿಯ ಲೋ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಅದೂ ಆಗದು. ಉಪ್ಪು ಕಡಿಮೆ ಮಾಡಿಯೂ ಬಾಯಿಗೆ ರುಚಿಸುವಂತೆ ಏನು ಮಾಡುತ್ತೀರಿ, ಅನುಭವ ಇದ್ದವರು ಹೇಳಿ. ಕಾಸರಗೋಡು ಕಡೆ ಕನ್ನಡ ಬರುವ ಡಯಟಿಷಿಯನ್ ಇದ್ದರೆ ದಯವಿಟ್ಟು ತಿಳಿಸಿ, ಅಮ್ಮನಿಗೆ ಮಲಯಾಳ ಅಷ್ಟಾಗಿ ಬರುವುದಿಲ್ಲ. ನಾಟಿಮದ್ದು ಮಾತ್ರ ಬೇಡ.